ಟ್ವಿನ್ ಸನ್ಸ್: 30 ವರ್ಷದ ಹಗೆ, ಕೆಲವೇ ಸೆಕೆಂಡಿನ ಕಾಳಗ. ಸರೀನಾ?

ನಿಧಾನಿ:
ಟ್ವಿನ್ ಸನ್ಸ್ ಅಂದರೆ ಸ್ಟಾರ್ ವಾರ್ಸ್ ರೆಬೆಲ್ಸ್ ಆನಿಮೇಷನ್ ಸರಣಿಯ ಮೂರನೇ ಸೀಸನ್, 20ನೇ ಎಪಿಸೋಡ್. 2017ರ ಮಾರ್ಚ್ 18ಕ್ಕೆ ಬಂದದ್ದು. ಮೊನ್ನೆ ಮತ್ತೆ ನೋಡಿದೆ. ಇದರ ಮೇಲಿನ ಜಗಳ ಎಲ್ಲೂ ಮುಗಿದ ಹಾಗೆ ಕಾಣಲ್ಲ, ಇಲ್ಲೂ ಒಂದು ಸುತ್ತು ಆಗಿಬಿಡಲಿ. ನೋಡದೇ ಇರುವವರು ಇಲ್ಲಿಂದಲೇ ವಾಪಸ್ ಹೋಗಿ. ಕೆಳಗೆ ಸ್ಪಾಯ್ಲರ್ ಬಿಟ್ಟರೆ ಬೇರೇನೂ ಇಲ್ಲ.

ಮರೆತವರಿಗೆ ಹಿಂದಿನ ಕಥೆ ಚುಟುಕಾಗಿ. ಖಳ ಮಾಲ್ ಮತ್ತು ಒಳ್ಳೆಯ ಪಕ್ಷದ ಯೋಧ ಓಬಿ-ವಾನ್ ನಡುವಿನ ಹಗೆ 1999ರ ದಿ ಫ್ಯಾಂಟಮ್ ಮೆನೆಸ್ ಸಿನಿಮಾದಲ್ಲಿ ಶುರುವಾಯಿತು. ಮಾಲ್ ಅಲ್ಲಿ ಓಬಿ-ವಾನ್‌ನ ಗುರು ಕ್ವೈ-ಗಾನ್‌ನನ್ನು ಕೊಂದ. ಓಬಿ-ವಾನ್ ಅವನನ್ನು ಸೊಂಟದ ಹತ್ತಿರ ಎರಡು ತುಂಡು ಮಾಡಿದ. ಸತ್ತ ಅಂತ ಎಲ್ಲರೂ ಅಂದುಕೊಂಡಿದ್ದವನನ್ನು 2012ರಲ್ಲಿ ದಿ ಕ್ಲೋನ್ ವಾರ್ಸ್ ಸರಣಿ ಎಬ್ಬಿಸಿಕೊಂಡು ಬಂತು. ಬಂದವನು ಓಬಿ-ವಾನ್ ಪ್ರೀತಿಸಿದ್ದ ಸಟೀನ್‌ಳನ್ನು ಅವನ ಕಣ್ಣೆದುರಿಗೇ ಕೊಂದ. ಕಥೆಯ ಲೆಕ್ಕದಲ್ಲಿ ಹತ್ತಿರ ಹತ್ತಿರ 30 ವರ್ಷದ ದ್ವೇಷ. ಅದು ಟಾಟೂಯಿನ್ ಗ್ರಹದ ಮರಳುಗಾಡಿನಲ್ಲಿ ಒಂದು ರಾತ್ರಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದು ಹೋಗುತ್ತದೆ.

ನನ್ನ ಮಟ್ಟಿಗೆ ಈ ಸರಣಿಯಲ್ಲಿ ಇದಕ್ಕಿಂತ ಒಳ್ಳೆಯ ಕಾಳಗ ಇಲ್ಲ. ಅದಕ್ಕೆ ಕಾರಣ ಕತ್ತಿಗಿಂತ ಮೊದಲು ನಡೆಯುವ ಮಾತು. ಓಬಿ-ವಾನ್ ತನ್ನನ್ನು ಹುಡುಕಿಕೊಂಡು ಬಂದ ಹುಡುಗ ಎಜ್ರಾನನ್ನು (ಸರಣಿಯ ನಾಯಕ) ಅಲ್ಲಿಂದ ಕಳಿಸುತ್ತಾನೆ. ಉರಿಯುತ್ತಿದ್ದ ಬೆಂಕಿ ಆರಿಸುತ್ತಾನೆ. ಮಾಲ್ ಬಂದು ಕೆಣಕುತ್ತಾನೆ, ಮರಳುಗಾಡಿನ ಇಲಿ ಅಂತ ಹೀಯಾಳಿಸುತ್ತಾನೆ. ಇವನು ಜಗ್ಗುವುದಿಲ್ಲ. ಕತ್ತಿ ಹೊರಗೆ ಬರುವುದೇ ಇಲ್ಲ. ಆಮೇಲೆ ಮಾಲ್‌ಗೆ ಮೆಲ್ಲಗೆ ಹೊಳೆಯುತ್ತದೆ: ಈತ ಇಲ್ಲಿ ಬರೀ ಅಡಗಿ ಕೂತಿಲ್ಲ, ಏನನ್ನೋ ಕಾಯುತ್ತಿದ್ದಾನೆ. ಅಲ್ಲ, ಯಾರನ್ನೋ ಕಾಯುತ್ತಿದ್ದಾನೆ. ಆ ಮಾತು ಬಂದದ್ದೇ ತಡ, ಓಬಿ-ವಾನ್‌ನ ಬೆಳಕಿನ ಕತ್ತಿ, ನೀಲಿ ಲೈಟ್‌ಸೇಬರ್ ಹೊತ್ತಿಕೊಳ್ಳುತ್ತದೆ.

ತನ್ನನ್ನು ಏನು ಬೈದರೂ ಸರಿ, ತಾನು ಗುಟ್ಟಾಗಿ ಕಾಯುತ್ತಿರುವ ಹುಡುಗ ಲೂಕ್ ಕಡೆ ಬೆರಳು ತಿರುಗಿದರೆ ಮಾತ್ರ ಬಿಡಲ್ಲ ಅನ್ನುವುದು ಆ ಒಂದು ಶಾಟ್‌ನಲ್ಲಿ ಗೊತ್ತಾಗಿಬಿಡುತ್ತದೆ. ಅಲ್ಲಿಗೆ ಕಾಳಗ ತೀರ್ಮಾನ ಆಯಿತು. ಬೀಸುವುದೊಂದು ಬಾಕಿ. ನೀವೇನಂತೀರಿ?

ಕಡ್ಡಿಪುಡಿ:
ಗುರೂ, ಬರೆದಿರುವುದು ಚೆನ್ನಾಗಿದೆ. ಆದರೆ ಇದನ್ನೆಲ್ಲ ಎಪಿಸೋಡ್ ಮುಗಿದ ಮೇಲೆ ಕೂತು ಯೋಚಿಸಿ ಬರೆದದ್ದು. ಆವತ್ತು ನೋಡುವಾಗ ಹೀಗೇ ಅನ್ನಿಸಿತ್ತಾ, ಪ್ರಾಮಾಣಿಕವಾಗಿ ಹೇಳು.

ಸೀಸನ್ ಮಧ್ಯದಲ್ಲಿ ಬಂದ ಟ್ರೈಲರ್ ನೆನಪಿದೆಯಾ? ಅದರಲ್ಲೇ ಮುಸುಕು ಹಾಕಿಕೊಂಡ ಮುದಿ ಓಬಿ-ವಾನ್‌ನನ್ನು ತೋರಿಸಿದ್ದರು. ಎಲ್ಲರೂ ಅದನ್ನೇ ಕಾದು ಕೂತಿದ್ದರು. ಬಂದದ್ದು ಏನು? ಇಪ್ಪತ್ತು ಚಿಲ್ಲರೆ ನಿಮಿಷದ ಎಪಿಸೋಡ್‌ನಲ್ಲಿ ಮುಕ್ಕಾಲು ಭಾಗ ಎಜ್ರಾ ಮರಳಲ್ಲಿ ಕಾಲೆಳೆದುಕೊಂಡು ನಡೆಯುವುದು. ಕೊನೆಗೆ ಮೂರು ಏಟು, ಮುಗೀತು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಅದೂ ಮರಳುಗಾಡಿನ ಇಲಿ.

ಚಿಕ್ಕದಾಗಿ ಇರಬೇಕಿತ್ತು ಅನ್ನುವುದನ್ನು ಒಪ್ಪುತ್ತೇನೆ. ಇಷ್ಟು ಚಿಕ್ಕದಾ ಅನ್ನುವುದು ನನ್ನ ತಕರಾರು. ಒಂದು ನಿಮಿಷ ಕೊಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು?

ಚೌಕಟ್ಟು24:
ಆನಿಮೇಷನ್ ಕೆಲಸ ಮಾಡುವವನು, ಹಾಗಾಗಿ ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. ಆ ಭಾಗವನ್ನು ಒಂದೊಂದೇ ಫ್ರೇಮ್ ಮುಂದೆ ಸರಿಸಿ ನೋಡಿ. ಏಟುಗಳಿಗಿಂತ ಏಟಿಗೆ ಮೊದಲು ನಿಲ್ಲುವುದಕ್ಕೆ ಜಾಸ್ತಿ ಸಮಯ ಕೊಟ್ಟಿದ್ದಾರೆ.

ಓಬಿ-ವಾನ್ ಮೊದಲು ನಿಲ್ಲುವುದು ತನ್ನ ವಯಸ್ಸಿನ ಕಾಲದ ಭಂಗಿಯಲ್ಲಿ. ಕತ್ತಿ ತಲೆಯ ಹಿಂದಕ್ಕೆ, ಇನ್ನೊಂದು ಕೈ ಮುಂದಕ್ಕೆ, ಎರಡು ಬೆರಳು ಚಾಚಿ. ಹಳೆ ಸಿನಿಮಾ, ಕ್ಲೋನ್ ವಾರ್ಸ್ ನೋಡಿದವರಿಗೆ ಇದು ತಟ್ಟನೆ ಗೊತ್ತಾಗುತ್ತದೆ. ಆಮೇಲೆ ನಿಧಾನವಾಗಿ ಆ ಭಂಗಿ ಬಿಡುತ್ತಾನೆ. ಚಾಚಿದ ಕೈ ವಾಪಸ್ ಬರುತ್ತದೆ. ಎರಡೂ ಕೈಯಲ್ಲಿ ಹಿಡಿ ಹಿಡಿದು, ಕತ್ತಿಯನ್ನು ಮೈಗೆ ಹತ್ತಿರ ತಂದು, ನೆಟ್ಟಗೆ ನಿಲ್ಲಿಸುತ್ತಾನೆ. ಇದು 1977ರ ಸಿನಿಮಾದಲ್ಲಿ ಅಲೆಕ್ ಗಿನ್ನೆಸ್ ನಿಂತ ರೀತಿ. ಇವನ್ ಮೆಕ್‌ಗ್ರೆಗರ್ ಮಾಡಿದ ಓಬಿ-ವಾನ್ ಅಲೆಕ್ ಗಿನ್ನೆಸ್ ಮಾಡಿದ ಓಬಿ-ವಾನ್ ಆಗುವುದನ್ನು ಒಂದೇ ಶಾಟ್‌ನಲ್ಲಿ, ಮಾತಿಲ್ಲದೆ ತೋರಿಸಿಬಿಟ್ಟಿದ್ದಾರೆ. ನಮ್ಮ ಕೆಲಸದಲ್ಲಿ ಇದು ತುಂಬಾ ಕಷ್ಟ. ಚುರುಕಾದ ಕುಣಿತ ಮಾಡಿಸುವುದು ಸುಲಭ. ಪಾತ್ರ ನಿಂತಲ್ಲೇ ನಿಂತು ಬದಲಾಗಬೇಕು ಅಂದರೆ ಭಾರ ಎಲ್ಲಿ ಬೀಳುತ್ತದೆ, ಭುಜ ಎಷ್ಟು ಇಳಿಯುತ್ತದೆ ಅನ್ನುವುದೆಲ್ಲ ಎದ್ದು ಕಾಣುತ್ತದೆ. ಸ್ವಲ್ಪ ತಪ್ಪಿದರೂ ಗೊಂಬೆ ಸಿಕ್ಕಿಹಾಕಿಕೊಂಡ ಹಾಗೆ ಕಾಣುತ್ತದೆ.

ಇನ್ನೊಂದು ವಿಷಯ. ರೆಬೆಲ್ಸ್‌ನ ಲೈಟ್‌ಸೇಬರ್ ಕಡ್ಡಿ ಥರ ತೆಳ್ಳಗಿದೆ ಅಂತ ಮೊದಲ ಸೀಸನ್‌ನಿಂದ ಬೈಯುತ್ತಿರುವವರು ಇಲ್ಲೂ ಇದ್ದೀರಿ, ಗೊತ್ತು. ಈ ಸರಣಿಯ ನೋಟವನ್ನು ರಾಲ್ಫ್ ಮೆಕ್ವಾರಿ ಮೊದಲ ಸಿನಿಮಾಕ್ಕೆ ಬಿಡಿಸಿದ್ದ ಚಿತ್ರಗಳಿಂದ ತೆಗೆದುಕೊಂಡಿದ್ದಾರೆ, ತೆಳು ಕತ್ತಿ ಅಲ್ಲಿಂದಲೇ ಬಂದದ್ದು. ಬೇರೆ ಎಪಿಸೋಡ್‌ನಲ್ಲಿ ನನಗೂ ಅದು ಹಿಡಿಸಲ್ಲ. ಇಲ್ಲಿ ಮಾತ್ರ ಬೆಂಕಿ ಆರಿ ಎಲ್ಲ ಕಡೆ ಕತ್ತಲು ಇರುವಾಗ ಆ ಎರಡು ಗೆರೆಯ ಬೆಳಕು ಮುಖದ ಮೇಲೆ ಬೀಳುವುದು ಚೆನ್ನಾಗಿ ಕೂತಿದೆ.

ರಾತ್ರಿಗೂಬೆ:
ಚೌಕಟ್ಟು ಅವರೇ, ಅರ್ಧ ಒಪ್ಪಿದೆ. ಆ ಕೊನೆಯ ಭಂಗಿ ಗಿನ್ನೆಸ್ ಅವರದಲ್ಲ, ಕ್ವೈ-ಗಾನ್‌ದು. ಅದೇ ಅಲ್ವಾ ಇಡೀ ಆಟ?

ಮಾಲ್ ಕೊನೆಗೆ ಮಾಡುವುದು ಏನು ಅಂತ ನೋಡಿ. ಕತ್ತಿಯ ಹಿಡಿಯನ್ನು ಓಬಿ-ವಾನ್ ಮುಖಕ್ಕೆ ಗುದ್ದಲು ಬರುತ್ತಾನೆ. 1999ರಲ್ಲಿ ಕ್ವೈ-ಗಾನ್‌ಗೆ ಮಾಡಿದ್ದೂ ಅದೇ. ಹಿಡಿಯಿಂದ ಮುಖಕ್ಕೆ ಗುದ್ದಿ, ಆತ ತತ್ತರಿಸುತ್ತಿದ್ದಾಗ ಹೊಟ್ಟೆಗೆ ಚುಚ್ಚಿದ. ಓಬಿ-ವಾನ್ ಅದನ್ನು ಕೆಂಪು ಗೋಡೆಯ ಆಚೆ ನಿಂತು, ಏನೂ ಮಾಡಲಾಗದೆ ನೋಡಿದ್ದ. ಆ ಒಂದು ಏಟನ್ನು ಅವನು ಮರೆಯುವುದು ಸಾಧ್ಯವಾ? ಗುರು ನಿಂತ ಹಾಗೆ ನಿಂತು ಮಾಲ್‌ಗೆ ಆಸೆ ತೋರಿಸಿದ. ಮಾಲ್ ಹಳೆಯ ಗೆಲುವನ್ನೇ ಮತ್ತೆ ಮಾಡಲು ಹೋದ. ಈ ಸಲ ಎದುರಿಗೆ ಇದ್ದವನಿಗೆ ಅದು ಬರುತ್ತದೆ ಅಂತ ಮೊದಲೇ ಗೊತ್ತಿತ್ತು. ಒಂದೇ ಬೀಸಿಗೆ ಹಿಡಿಯೂ ತುಂಡು, ಎದೆಯೂ ಸೀಳಿತು.

ಕಡ್ಡಿಪುಡಿ, ನಿಮ್ಮ ಒಂದು ನಿಮಿಷದ ಕಾಳಗ ಇಟ್ಟಿದ್ದರೆ ಇದು ಎಲ್ಲಿ ಉಳಿಯುತ್ತಿತ್ತು? ಹತ್ತು ಏಟಿನ ಮಧ್ಯೆ ಹನ್ನೊಂದನೆಯದಾಗಿ ಹೋಗಿಬಿಡುತ್ತಿತ್ತು.

ಚೌಕಟ್ಟು24:
ಗೂಬೆ ಅವರೇ, ಹಿಡಿಯ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು. ಭಂಗಿಯ ವಿಷಯದಲ್ಲಿ ನಾನು ಗಿನ್ನೆಸ್ ಪಕ್ಷವೇ. ಕ್ವೈ-ಗಾನ್ ಅಷ್ಟು ಅಲುಗಾಡದೆ ನಿಂತದ್ದು ಎಲ್ಲಿ? ಆ ಮನುಷ್ಯ ಮುನ್ನುಗ್ಗಿ ಹೊಡೆಯುವ ಪೈಕಿ.

ಕಡ್ಡಿಪುಡಿ:
ನೋಡಿ, ಇದೇ ನಾನು ಹೇಳುವುದು. ಹಿಂದಿನದೆಲ್ಲ ಬಾಯಿಪಾಠ ಇರುವ ನೀವಿಬ್ಬರೇ ಅದು ಯಾರ ಭಂಗಿ ಅಂತ ಒಪ್ಪುತ್ತಿಲ್ಲ. ಸರಣಿಯನ್ನು ಮಾತ್ರ ನೋಡುತ್ತಿರುವ ಒಬ್ಬ ಹುಡುಗನಿಗೆ ಏನು ಕಾಣುತ್ತದೆ? ಒಬ್ಬ ಮುದುಕ ಸುಮ್ನೆ ನಿಂತ, ಇನ್ನೊಬ್ಬ ಬಿದ್ದ.

ಹೊಸನೋಡುಗ:
ಆ ಹುಡುಗ ನಾನೇ, ಹಾಹಾ. ರೆಬೆಲ್ಸ್ ಬಿಟ್ಟು ಬೇರೆ ಆನಿಮೇಷನ್ ಸರಣಿ ನೋಡಿಲ್ಲ, ಸಿನಿಮಾ ಮಾತ್ರ ನೋಡಿದ್ದೇನೆ. ಭಂಗಿ ಗಿಂಗಿ ಏನೂ ಗೊತ್ತಾಗಲಿಲ್ಲ ಸರ್. ಆದರೂ ಕಾಳಗ ನೋಡಿ ಮೋಸ ಹೋದೆ ಅನ್ನಿಸಲಿಲ್ಲ. ಮಾಲ್ ಬಿದ್ದ ಮೇಲೆ ಓಬಿ-ವಾನ್ ಅವನನ್ನು ಕೆಳಗೆ ಬೀಳಲು ಬಿಡದೆ ತೋಳಲ್ಲಿ ಹಿಡಿದುಕೊಳ್ಳುತ್ತಾನಲ್ಲ, ಅದು ಸಾಕಾಯಿತು. ಗುರುವನ್ನು ಕೊಂದವನನ್ನು ಹಾಗೆ ಹಿಡಿದುಕೊಳ್ಳುತ್ತಾರಾ?

ನನಗೆ ಗೊತ್ತಾಗದ್ದು ಬೇರೆ. ಸಾಯುವ ಮುಂಚೆ ಮಾಲ್ ಕೇಳುತ್ತಾನೆ, ನೀನು ಕಾಯುತ್ತಿರುವವನು ಕೆಟ್ಟವರನ್ನು ಮುಗಿಸುತ್ತಾನೆ ಅನ್ನುವ ಆ ಭವಿಷ್ಯವಾಣಿಯ ಮನುಷ್ಯನಾ ಅಂತ. ಓಬಿ-ವಾನ್ ಹೌದು ಅಂತಾನೆ. ಹಾಗಾದರೆ ಅದು ಲೂಕಾ? ಅವನ ಅಪ್ಪ ಅನಾಕಿನ್ ಅಲ್ವಾ?

ರಾತ್ರಿಗೂಬೆ:
ಬಂತು ನೋಡಿ, ಯಾವತ್ತೂ ಮುಗಿಯದ ಪ್ರಶ್ನೆ. 2005ರ ಸಿನಿಮಾದ ಕೊನೆಯಲ್ಲಿ ಓಬಿ-ವಾನ್ ಅನಾಕಿನ್‌ಗೆ ಕಿರುಚಿ ಹೇಳುವುದು ನೆನಪಿದೆ ಅಲ್ವಾ, ಅದು ನೀನಾಗಿದ್ದೆ ಅಂತ. ಅಲ್ಲಿಗೆ ಅವನ ಮನಸ್ಸಿನಲ್ಲಿ ಅನಾಕಿನ್ ಮುಗಿದ. ಆಮೇಲೆ ಅಷ್ಟು ವರ್ಷ ಮರಳಲ್ಲಿ ಕೂತು ಕಾದದ್ದು ಲೂಕ್‌ಗಾಗಿ. ಅವನು ಹೌದು ಅನ್ನುವುದು ತನ್ನ ನಂಬಿಕೆಯನ್ನು. ಈ ಎಪಿಸೋಡ್ ನಡೆಯುವುದು 1977ರ ಮೊದಲ ಸಿನಿಮಾದ ಕಥೆಗಿಂತ ಎರಡು ವರ್ಷ ಮುಂಚೆ. 1983ರ ಸಿನಿಮಾದಲ್ಲಿ ಅನಾಕಿನ್ ಚಕ್ರವರ್ತಿಯನ್ನು ಎತ್ತಿ ಬಿಸಾಡುತ್ತಾನೆ ಅಂತ ಇವನಿಗೆ ಹೇಗೆ ಗೊತ್ತಿರಬೇಕು? ಅವನು ಸಾಯುವ ಹೊತ್ತಿಗೂ ಅದು ನಡೆದಿರಲಿಲ್ಲ. (2019ರ ಸಿನಿಮಾದ ಮಾತು ಯಾರೂ ಎತ್ತಬೇಡಿ, ಕೈಮುಗಿದು ಕೇಳುತ್ತೇನೆ.)

ಕಡ್ಡಿಪುಡಿ:
ಸಾಯುತ್ತಿರುವವನನ್ನು ಸಮಾಧಾನ ಮಾಡಲು ಹೇಳಿದ ಸುಳ್ಳೂ ಆಗಿರಬಹುದು. ಓಬಿ-ವಾನ್ ಹಾಗೆ ಹೇಳುವುದರಲ್ಲಿ ಪಳಗಿದವನು. ಲೂಕ್‌ಗೆ ಅಪ್ಪ ಸತ್ತ ಅಂತ ಹೇಳಿದ್ದು ನೆನಪಿಸಿಕೊಳ್ಳಿ.

ನಿಧಾನಿ:
ಕಡ್ಡಿ, ನಿನ್ನ ಬಾಯಿಗೆ ಬೀಗ ಹಾಕಬೇಕು. ಆದರೆ ಅದು ಸುಳ್ಳು ಅಂತ ನನಗೆ ಅನ್ನಿಸಲ್ಲ, ಮುಖ ನೋಡಿದರೆ ಗೊತ್ತಾಗುತ್ತದೆ.

ಅದಕ್ಕಿಂತ ಮಾಲ್‌ನ ಕೊನೆಯ ಮಾತು ನನ್ನನ್ನು ಹಿಡಿದುಕೊಂಡಿತು. ಅವನು ನಮ್ಮಿಬ್ಬರ ಸೇಡು ತೀರಿಸುತ್ತಾನೆ ಅಂತಾನೆ. ನಮ್ಮಿಬ್ಬರ! ಜೀವಮಾನವಿಡೀ ಓಬಿ-ವಾನ್‌ನ ಹೆಸರು ಕಿರುಚಿಕೊಂಡು ತಿರುಗಿದವನು, ಇದೇ ಎಪಿಸೋಡ್‌ನ ಶುರುವಿನಲ್ಲೂ ಮರಳಲ್ಲಿ ನಿಂತು ಅದೇ ಹೆಸರು ಕೂಗಿದವನು. ಇವನ ಗುರು, ಆಮೇಲೆ ಚಕ್ರವರ್ತಿಯಾದ ಸಿಡಿಯಸ್ ಇವನನ್ನು ಚಿಕ್ಕಂದಿನಿಂದ ಸಾಕಿ, ಕೆಲಸ ಮುಗಿದ ಮೇಲೆ ಎಸೆದ. ಆಮೇಲೆ ಇವನ ತಮ್ಮನನ್ನೂ ಕೊಂದ. ಓಬಿ-ವಾನ್‌ಗೂ ಇದ್ದದ್ದನ್ನೆಲ್ಲ ಕಿತ್ತುಕೊಂಡವನು ಅದೇ ಸಿಡಿಯಸ್. ಇಬ್ಬರ ಶತ್ರುವೂ ಒಬ್ಬನೇ ಅಂತ ಮಾಲ್‌ಗೆ ಅರ್ಥ ಆಗುವುದು ಸಾಯುವ ಹೊತ್ತಿಗೆ. ಸಟೀನ್ ಸತ್ತ ಎಪಿಸೋಡ್‌ನಲ್ಲೇ ಮಾಲ್‌ನ ತಮ್ಮನೂ ಸಾಯುತ್ತಾನೆ, ಗಮನಿಸಿದ್ದೀರಾ? ದಿ ಲಾಲೆಸ್, ಐದನೇ ಸೀಸನ್. ಒಂದೇ ದಿನ ಇಬ್ಬರೂ ಕಳೆದುಕೊಂಡರು.

ಬಾಲಂಗೋಚಿ:
ಎಲ್ಲರೂ ಕಾಳಗ ಕಾಳಗ ಅಂತಿದ್ದೀರಿ ಮಾರಾಯ್ರೇ, ಉಳಿದ ಎಪಿಸೋಡ್ ಬಗ್ಗೆ ಯಾರೂ ಮಾತೇ ಆಡುತ್ತಿಲ್ಲ. ಎಜ್ರಾ ಇಲ್ಲಿ ಯಾಕೆ ಇದ್ದಾನೆ?

ಎಜ್ರಾನ ಬಂಡಾಯದ ತಂಡದ ಹೆರಾ ಹೋಗಬೇಡ ಅಂತ ಹೇಳಿದಳು. ಶತ್ರು ಸೇನಾಪತಿ ಥ್ರಾನ್ ವಿರುದ್ಧದ ಯುದ್ಧ ಹತ್ತಿರದಲ್ಲಿದೆ, ಎಲ್ಲರ ಕೈಯೂ ಬೇಕು. ಇವನು ಹಡಗು ಕದ್ದು ಹೊರಟ. ಹಿಂದೆ ರೋಬೋಟ್ ಚಾಪರ್ ಬೇರೆ ಬಚ್ಚಿಟ್ಟುಕೊಂಡು ಬಂದಿದೆ. ಟಸ್ಕನ್ ದಾಳಿಕೋರರು ಹಡಗು ಹಾಳು ಮಾಡಿದರು. ನಡೆದ, ನಡೆದ, ಬಿದ್ದ. ಓಬಿ-ವಾನ್ ಎಬ್ಬಿಸಿ, ನೀನು ಇರಬೇಕಾದ ಜಾಗ ಇದಲ್ಲ ಅಂತ ಬುದ್ಧಿ ಹೇಳಿ ಕಳಿಸಿದ. ವಾಪಸ್ ಹೋದಾಗ ಒಂದು ಬೈಗುಳವೂ ಇಲ್ಲ! ಮುಂದಿನ ವಾರ ಝೀರೋ ಅವರ್‌ನಲ್ಲಿ ಎಲ್ಲ ಮರೆತು ಯುದ್ಧ. ಹೆರಾ ಮಾತಿಗೆ ಬೆಲೆಯೇ ಇಲ್ಲವಾ? ಆ ತಂಡವನ್ನು ನಡೆಸುವವಳು ಅವಳು ತಾನೇ.

ನನಗೆ ಈ ಎಪಿಸೋಡ್‌ನಲ್ಲಿ ಕೊನೆಯ ಐದಾರು ನಿಮಿಷ ಚಿನ್ನ. ಅದಕ್ಕೆ ಮುಂಚಿನದು ಮರಳು.

ನಿಧಾನಿ:
ಹೆರಾ ವಿಷಯ ಸರಿ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಎಜ್ರಾ ಬೇಕಾಗಿತ್ತಾ ಅನ್ನುವುದಕ್ಕೆ ಇದೆ. ಮಾಲ್‌ಗೆ ಓಬಿ-ವಾನ್ ಇರುವ ಗ್ರಹ ಗೊತ್ತು, ಜಾಗ ಗೊತ್ತಿಲ್ಲ. ಹುಡುಕಿ ಸೋತಿದ್ದಾನೆ. ಅವನಾಗಿಯೇ ಹೊರಗೆ ಬರಬೇಕು ಅಂದರೆ ಒಂದೇ ದಾರಿ, ಕಷ್ಟದಲ್ಲಿರುವ ಒಬ್ಬ ಹುಡುಗ. ಅದಕ್ಕೇ ಒಡೆದ ಹೋಲೋಕ್ರಾನ್ (ಗುಟ್ಟಿನ ಜ್ಞಾನ ತುಂಬಿಟ್ಟ ಪೆಟ್ಟಿಗೆ) ಚೂರಿನ ಮೂಲಕ ಆಸೆ ತೋರಿಸಿ ಎಜ್ರಾನನ್ನು ಎಳೆದ. ಎಜ್ರಾ ಬರೀ ಗಾಳದ ಹುಳು. ಪಾಪ, ತಾನು ನಾಯಕ ಅಂದುಕೊಂಡು ಬಂದಿದ್ದಾನೆ, ಅದೇ ತಮಾಷೆ.

ಬಾಲಂಗೋಚಿ:
ಗಾಳದ ಹುಳಕ್ಕೆ ಅರ್ಧ ಎಪಿಸೋಡ್ ಕೊಡಬೇಕಾ? ಚಾಪರ್‌ನ ಬ್ಯಾಟರಿ ಮುಗಿಯುವುದನ್ನೂ ನಾವು ಕೂತು ನೋಡಬೇಕಾ?

ಚೌಕಟ್ಟು24:
ಚಾಪರ್ ಬಗ್ಗೆ ಒಂದು ಮಾತೂ ಬೇಡ. ಆ ಎಪಿಸೋಡ್‌ನಲ್ಲಿ ಬುದ್ಧಿ ಇದ್ದದ್ದು ಅದಕ್ಕೆ ಮಾತ್ರ.

ಕಿವಿಗೊಡು:
ಯಾರೂ ದನಿಯ ಬಗ್ಗೆ ಹೇಳಲಿಲ್ಲವಲ್ಲ. ಕ್ಲೋನ್ ವಾರ್ಸ್‌ನಲ್ಲಿ ಓಬಿ-ವಾನ್‌ಗೆ ದನಿ ಕೊಟ್ಟವರು ಜೇಮ್ಸ್ ಅರ್ನಾಲ್ಡ್ ಟೇಲರ್. ಇಲ್ಲಿ ಮುದಿ ಓಬಿ-ವಾನ್‌ಗೆ ಸ್ಟೀಫನ್ ಸ್ಟ್ಯಾಂಟನ್. ಇದೇ ಮನುಷ್ಯ ಈ ಸರಣಿಗಳಲ್ಲಿ ಟಾರ್ಕಿನ್‌ಗೂ ದನಿ ಕೊಟ್ಟವರು! ಆ ಕ್ರೂರಿಯ ಗಂಟಲಿಂದ ಈ ದನಿ ಹೇಗೆ ಬಂತೋ. ಗಿನ್ನೆಸ್ ಅವರ ಅಣಕ ಅಂತ ಒಂದು ಕಡೆಯೂ ಅನ್ನಿಸಲ್ಲ. ಮಾತಿನ ಕೊನೆಯಲ್ಲಿ ದನಿ ಸ್ವಲ್ಪ ಇಳಿಸುತ್ತಾರೆ, ಅಷ್ಟೇ, ಆಳೇ ಎದುರಿಗೆ ಬಂದು ಕೂತ ಹಾಗಾಗುತ್ತದೆ. ಮಾಲ್‌ಗೆ ಸ್ಯಾಮ್ ವಿಟ್ವರ್. 2012ರಿಂದ ಈ ಪಾತ್ರವನ್ನು ಬೆಳೆಸಿದವರು ಅವರೇ. 1999ರ ಸಿನಿಮಾದಲ್ಲಿ ಮಾಲ್‌ಗೆ ಇದ್ದ ಮಾತು ಬೆರಳೆಣಿಕೆಯಷ್ಟು. ಇವತ್ತು ನಾವು ಮಾಲ್ ಸತ್ತದ್ದಕ್ಕೆ ಬೇಜಾರು ಮಾಡಿಕೊಳ್ಳುತ್ತಿದ್ದೇವೆ ಅಂದರೆ ಅದರಲ್ಲಿ ಈ ದನಿಯ ಪಾಲು ದೊಡ್ಡದು.

ಸಂಗೀತ ಕೆವಿನ್ ಕೈನರ್ ಅವರದು. ಕಾಳಗದ ಹೊತ್ತಿಗೆ ಅಬ್ಬರ ಇಲ್ಲ. ಕೊನೆಗೆ ಲೂಕ್ ಮನೆ ಕಡೆ ಓಡುವುದನ್ನು ದೂರದಿಂದ ತೋರಿಸಿ, ಜಾನ್ ವಿಲಿಯಮ್ಸ್ 1977ರಲ್ಲಿ ಎರಡು ಸೂರ್ಯರ ದೃಶ್ಯಕ್ಕೆ ಮಾಡಿದ್ದ ರಾಗ ತಂದಾಗ ಮೈ ಜುಮ್ ಅನ್ನುತ್ತದೆ. ಈ ರಾಗವನ್ನು ಸಿಕ್ಕ ಸಿಕ್ಕ ಕಡೆ ತುರುಕುವವರನ್ನು ಕಂಡರೆ ನನಗೆ ಆಗಲ್ಲ, ಆದರೆ ಇಲ್ಲಿ ಅದು ಬರಬೇಕಾದ ಜಾಗದಲ್ಲೇ ಬಂದಿದೆ.

ಕಡ್ಡಿಪುಡಿ:
ಸರಿ, ದನಿಗೆ ನನ್ನದೂ ಒಂದು ಮತ. ಈಗ ನನ್ನ ಕೊನೆಯ ಬಾಣ. 2020ರಲ್ಲಿ ಕ್ಲೋನ್ ವಾರ್ಸ್ ಏಳನೇ ಸೀಸನ್ ಬಂತು. ಅದರಲ್ಲಿ ದಿ ಫ್ಯಾಂಟಮ್ ಅಪ್ರೆಂಟಿಸ್ ಎಪಿಸೋಡ್. ಮಾಲ್ ಮತ್ತು ಅನಾಕಿನ್‌ನ ಶಿಷ್ಯೆಯಾಗಿದ್ದ ಅಸೋಕಾ ಕಾಳಗ. 1999ರಲ್ಲಿ ಮಾಲ್ ಆಗಿ ಕುಣಿದ ರೇ ಪಾರ್ಕ್ ಅವರನ್ನೇ ಕರೆಸಿ ಮೋಷನ್ ಕ್ಯಾಪ್ಚರ್ ಮಾಡಿಸಿದ್ದರು. ಉದ್ದದ ಕಾಳಗ, ಎದೆ ಬಾಯಿಗೆ ಬರುತ್ತದೆ, ಅದರಲ್ಲೂ ಮಾತು ಇದೆ, ಅರ್ಥ ಇದೆ. ಉದ್ದ ಇದ್ದರೆ ಹಗುರ ಆಗುತ್ತದೆ ಅನ್ನುವ ನಿಮ್ಮ ವಾದ ಅಲ್ಲಿ ಬಿದ್ದು ಹೋಯಿತಲ್ಲ?

ರಾತ್ರಿಗೂಬೆ:
ಅದು ಬೇರೆ ಥರದ ಕಾಳಗ ಮಾರಾಯ್ರೇ. ಅಲ್ಲಿ ಮಾಲ್‌ಗೆ ಅಸೋಕಾ ಹೊಸಬಳು. ಅವಳನ್ನು ತನ್ನ ಕಡೆ ಎಳೆದುಕೊಳ್ಳಬೇಕು, ಒಪ್ಪದಿದ್ದರೆ ಮುಗಿಸಬೇಕು. ಇಬ್ಬರೂ ಒಬ್ಬರನ್ನೊಬ್ಬರು ಅಳೆಯುತ್ತಿದ್ದಾರೆ. ಇಲ್ಲಿ ಅಳೆಯಲು ಏನು ಉಳಿದಿದೆ? ಇವನ ಏಟು ಅವನಿಗೆ ಗೊತ್ತು, ಅವನ ಏಟು ಇವನಿಗೆ ಗೊತ್ತು. ಕುರೊಸಾವಾ ಅವರ 1954ರ ಸೆವೆನ್ ಸಮುರಾಯ್ ನೋಡಿದ್ದರೆ ಅಲ್ಲಿ ಕ್ಯೂಜೋ ಮಾಡುವ ಕಾಳಗ ನೆನಪಿಸಿಕೊಳ್ಳಿ. ಎದುರಾಳಿ ಅಬ್ಬರಿಸಿಕೊಂಡು ಬರುತ್ತಾನೆ, ಇವನು ನಿಂತಿರುತ್ತಾನೆ, ಒಂದೇ ಏಟು. ಟ್ವಿನ್ ಸನ್ಸ್ ಅದೇ ಜಾತಿಯದು. ಡೇವ್ ಫಿಲೋನಿ ತಾನೇ ನಿರ್ದೇಶನ ಮಾಡಿ, ಹೆನ್ರಿ ಗಿಲ್ರಾಯ್ ಜೊತೆ ಕೂತು ಬರೆದ ಎಪಿಸೋಡ್ ಇದು. ಸಮಯ ಸಾಲದೆ ಚಿಕ್ಕದು ಮಾಡಿದ್ದಲ್ಲ.

ಬಾಲಂಗೋಚಿ:
2022ರಲ್ಲಿ ಓಬಿ-ವಾನ್ ಸರಣಿ ಬಂದ ಮೇಲೆ ನನಗೆ ಇದು ಇನ್ನೂ ಜಾಸ್ತಿ ಹಿಡಿಸಿತು. ಅಲ್ಲಿ ವೇಡರ್ (ದಾರಿ ತಪ್ಪಿದ ಅನಾಕಿನ್) ಜೊತೆ ಕಲ್ಲು ಎತ್ತಿ ಎಸೆದು, ಮೈಯೆಲ್ಲ ಗಾಯ ಮಾಡಿಕೊಂಡು ಹೊಡೆದಾಡುತ್ತಾನೆ. ಕಥೆಯ ಲೆಕ್ಕದಲ್ಲಿ ಅದಾಗಿ ಏಳು ವರ್ಷಕ್ಕೆ ಇದು. ಇನ್ನೆರಡು ವರ್ಷಕ್ಕೆ ಡೆತ್ ಸ್ಟಾರ್‌ನಲ್ಲಿ ಅದೇ ವೇಡರ್ ಮುಂದೆ ಕತ್ತಿ ಎತ್ತಿ ಹಿಡಿದು, ಹೊಡಿ ಅಂತ ನಿಂತುಬಿಡುತ್ತಾನೆ. ಮೊದಲಿನದರಲ್ಲಿ ಗೆಲ್ಲಬೇಕು ಅನ್ನುವ ಹಟ ಇದೆ. ಕೊನೆಯದರಲ್ಲಿ ಗೆಲ್ಲುವ ಆಸೆಯೇ ಇಲ್ಲ. ನಡುವೆ ಈ ಮಾಲ್ ಕಾಳಗ. ಮೂರನ್ನೂ ಒಂದರ ಹಿಂದೆ ಒಂದು ಹಾಕಿ ನೋಡಿ. ಎಜ್ರಾ ಭಾಗ ಓಡಿಸಿಬಿಡಿ, ಅದು ನನ್ನ ಸಲಹೆ.

ಕಡ್ಡಿಪುಡಿ:
ಇದನ್ನು ಬೇಕಾದರೆ ಒಪ್ಪುತ್ತೇನೆ. ಮೂವತ್ತು ಸೆಕೆಂಡ್ ಕೊಡಿ, ರಾಜಿ.

ಹೊಸನೋಡುಗ:
ಸರ್, ಮಾಲ್ ಕಥೆ ಮಾತ್ರ ಪೂರ್ತಿ ನೋಡಬೇಕು ಅಂದರೆ ಯಾವ ಯಾವ ಎಪಿಸೋಡ್ ನೋಡಲಿ? ಕ್ಲೋನ್ ವಾರ್ಸ್ ಇಡೀ ನೋಡಲು ಸದ್ಯ ಪುರುಸೊತ್ತಿಲ್ಲ.

ನಿಧಾನಿ:
ಕ್ಲೋನ್ ವಾರ್ಸ್ ನಾಲ್ಕನೇ ಸೀಸನ್‌ನ ಕೊನೆಯ ಎರಡು, ಬ್ರದರ್ಸ್ ಮತ್ತು ರಿವೆಂಜ್. ಐದನೆಯದರಲ್ಲಿ ಮೊದಲನೇ ಎಪಿಸೋಡ್ ರಿವೈವಲ್, ಆಮೇಲೆ 14, 15, 16. ಆ 16ನೆಯದೇ ದಿ ಲಾಲೆಸ್, ಅದನ್ನು ಬಿಟ್ಟರೆ ಕ್ಷಮಿಸಲ್ಲ. ಏಳನೇ ಸೀಸನ್‌ನ ಕೊನೆಯ ನಾಲ್ಕು. ರೆಬೆಲ್ಸ್ ನೀವು ನೋಡಿದ್ದೀರಿ, ಆದರೂ ಎರಡನೇ ಸೀಸನ್‌ನ ಕೊನೆ, ಮೂರನೆಯದರಲ್ಲಿ ಹೋಲೋಕ್ರಾನ್ಸ್ ಆಫ್ ಫೇಟ್ ಮತ್ತು ವಿಷನ್ಸ್ ಅಂಡ್ ವಾಯ್ಸಸ್ ಮತ್ತೆ ಹಾಕಿಕೊಳ್ಳಿ. ಆಮೇಲೆ ಇದಕ್ಕೆ ಬನ್ನಿ. ಭಂಗಿ ಯಾರದು ಅಂತ ಆಗ ನೀವೇ ಹೇಳಿ, ಇವರಿಬ್ಬರ ಜಗಳ ಮುಗಿಯಲಿ.

ಚೌಕಟ್ಟು24:
ಬ್ರದರ್ಸ್ ರಾತ್ರಿ ಒಬ್ಬರೇ ಕೂತು ನೋಡಬೇಡಿ. ಸೊಂಟದ ಕೆಳಗೆ ಜೇಡದ ಹಾಗೆ ಯಂತ್ರದ ಕಾಲು ಹಾಕಿಕೊಂಡು, ತಲೆ ಕೆಟ್ಟು, ಕಸದ ಗ್ರಹದಲ್ಲಿ ತೆವಳುತ್ತಿರುತ್ತಾನೆ ಮಾಲ್.

ಹೊಸನೋಡುಗ:
ಜೇಡದ ಕಾಲಾ?! ಮಕ್ಕಳ ಸರಣಿ ಅಂದಿದ್ದರಲ್ಲ ಇದನ್ನ.

ಕಡ್ಡಿಪುಡಿ:
ಯಾರೋ ನಿಮಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ. ನೋಡಿ ಬಂದು ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇವೆ.